ಈರುಳ್ಳಿ ಬೀಳುವ ಮೊದಲು

ಏನು ಹಾಕಿದ್ದೆ ಅದಕ್ಕೆ, ಎಂದು ಕೇಳಿದೆ.
ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ.
ಗುಲಿಕೋ ಮಾತ್ರ ಬೈಗುಳ ಕೇಳಿದವಳಂತೆ
ತಲೆವಸ್ತ್ರ ಬಿಚ್ಚಿ, ಮತ್ತೆ ಬಿಗಿದುಕೊಂಡಳು.
ಬಟೂಮಿ ಬಂದರಿನ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ.
ಕ್ರೇನಿನವರು, ಹಗ್ಗದವರು, ತುರ್ಕಿ ಲಾರಿಯವರು,
ಯಾರೂ ನನ್ನ ಕೈಯಡುಗೆ ಉಂಡು
ಹಾಸಿಗೆ ಹಿಡಿದಿಲ್ಲ, ಡಾಕ್ಟರೇ.

ಮೇಜಿನ ಮೇಲೆ ಬೋತ್ಸ್‌ಮನ್:
ಬೂದು ಬೆನ್ನು, ಒಂದೂವರೆ ಕಿವಿ, ನಾಲ್ಕು ಕಿಲೋ ರೌಡಿ.
ಇವತ್ತು ಕಚ್ಚಲಿಲ್ಲ.
ನನಗೆ ಹೆದರಿಕೆಯಾದದ್ದೇ ಅದಕ್ಕೆ.
ತುಟಿ ಎತ್ತಿದರೆ ಒಸಡು ತೊಳೆದಿಟ್ಟ ಪಿಂಗಾಣಿ.
ಉಚ್ಚೆ ಕಾಫಿ ಬಣ್ಣ, ಎಂದಳು ಮೆಲ್ಲಗೆ,
ಬೇರೆಯವರ ಮನೆಯ ಗುಟ್ಟು ಹೇಳುವ ಹಾಗೆ.

ಖಾರ್ಚೋ ಹಾಕಿದ್ದೆ. ದನದ ಎದೆಮಾಂಸ, ಅಕ್ಕಿ, ಹುಳಿ.
ಈರುಳ್ಳಿ?
ಈರುಳ್ಳಿಯಿಲ್ಲದ ಖಾರ್ಚೋ ಎಲ್ಲಾದರೂ ಉಂಟೇ?
ನಲವತ್ತು ಜನಕ್ಕೆ ಆರು ಕಿಲೋ. ಬೆಳ್ಳುಳ್ಳಿ ಬೇರೆ.
ಕರಗುವ ತನಕ ಬೇಯಿಸುತ್ತೇನೆ, ಕಣ್ಣಿಗೇ ಬೀಳುವುದಿಲ್ಲ.
ನೆಗಡಿಯಾಗಿತ್ತು ಪಾಪ, ಒಂದು ವಾರದಿಂದ
ಬಿಸಿಬಿಸಿ ಸಾರು...
ಅಲ್ಲಿಗೆ ನಿಂತಳು.

ಬೆಂದರೂ ಅದರ ವಿಷ ಬೇಯುವುದಿಲ್ಲ ಎನ್ನಬೇಕಿತ್ತು.
ಎನ್ನಲಿಲ್ಲ. ಒಂದು ಹನಿ ರಕ್ತಕ್ಕೆ ನೀಲಿ ಬೆರೆಸಿ
ಗಾಜಿನ ಮೇಲೆ ಸವರಿ, ಬಾ ನೋಡು ಎಂದೆ.
ಒಂದೇ ಕಣ್ಣು ಮುಚ್ಚಲು ಬಾರದು ಅವಳಿಗೆ;
ಅಂಗೈ ಅಡ್ಡ ಹಿಡಿದು ಬಗ್ಗಿದಳು.
ದುಂಡು ದುಂಡು ಕಣಗಳು. ಒಂದೊಂದರ ಅಂಚಿಗೂ
ಒಂದು ಮೊಟಕು ಚೊಟ್ಟು.
ಬಹಳ ಹೊತ್ತು ನೋಡಿ,
ಖಿಂಕಾಲಿ, ಎಂದಳು.

ಹೌದು. ಭಾನುವಾರ ಅವಳು ನೆರಿಗೆ ಹಿಡಿದು
ನೆತ್ತಿಯಲ್ಲಿ ತಿರುಚಿ ಮುಚ್ಚುವ ಮಾಂಸದ ಕಡುಬು.
ಆ ಚೊಟ್ಟನ್ನು ನಮ್ಮಲ್ಲಿ ತಿನ್ನುವುದಿಲ್ಲ,
ತಟ್ಟೆಯಂಚಿಗೆ ಬಿಟ್ಟು, ಕೊನೆಗೆ
ಎಷ್ಟು ತಿಂದೆ ಎಂದು ಎಣಿಸುತ್ತೇವೆ.
ಬೋತ್ಸ್‌ಮನ್ ಒಳಗೆ ಯಾರೋ
ಎಣಿಸದೆ ಎದ್ದು ಹೋಗಿದ್ದರು.

ಆಮೇಲೆ ಪಾದ್ರಿಯ ಮುಂದೆ ನಿಂತವಳ ಹಾಗೆ ಶುರುಮಾಡಿದಳು.
ಸುಲುಗುನಿ ಚೀಸು? ಬರೀ ಉಪ್ಪು ಅದು.
ಹಾಲಾದರೂ? ಬೆಳೆದ ಬೆಕ್ಕಿನ ಹೊಟ್ಟೆ ತಡೆಯದು.
ಕಲಸಿದ ಹಿಟ್ಟಿನ ಚೂರು ಕದಿಯುತ್ತದೆ ಒಮ್ಮೊಮ್ಮೆ...
ಕದಿಯಲು ಬಿಡಬೇಡ, ಒಳಗೇ ಉಬ್ಬುತ್ತದೆ.
ದ್ರಾಕ್ಷಿ?
ಬೇಡ.
ಜಾರ್ಜಿಯಾದಲ್ಲಿ ಹುಟ್ಟಿ ದ್ರಾಕ್ಷಿಯೂ ಬೇಡವೆ!
ಹಾಗಾದರೆ ಈ ಕೈಯಿಂದ ನಾನು ಕೊಡುವುದೇನು?
ಕೋಳಿ ಬೇಯಿಸು, ಎಲುಬು ತೆಗೆ. ಮತ್ತೇನೂ ಹಾಕಬೇಡ.
ಅದು ಅಡುಗೆಯಲ್ಲ, ಎಂದಳು. ಅದು ಆಸ್ಪತ್ರೆ.

ಔಷಧದಂಗಡಿಯ ಕೊಬ್ಬಿದ ಬಿಳಿ ಬೆಕ್ಕು
ಒಲ್ಲದ ಮನಸ್ಸಿನಿಂದ ರಕ್ತ ಕೊಟ್ಟಿತು.
ಗುಲಿಕೋ ದಿನಾ ಸಂಜೆ ಬಂದು ಹೊಸ್ತಿಲಲ್ಲೇ ಕೂರುತ್ತಿದ್ದಳು,
ಕೈಗಳನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟು.
ನಿಂಬೆ ಹಚ್ಚಿ ತೊಳೆದೆ, ಆದರೂ ವಾಸನೆ ಬಿಡದು ಎನ್ನುತ್ತ.
ಹನ್ನೊಂದನೆಯ ದಿನ ಬೋತ್ಸ್‌ಮನ್
ನನ್ನ ಹೆಬ್ಬೆರಳನ್ನು ಮೂಳೆಗೆ ತಾಗುವಂತೆ ಕಚ್ಚಿತು.
ಕರೆದುಕೊಂಡು ಹೋಗು, ಎಂದೆ.

ಮೊನ್ನೆ ಆ ಕಡೆ ಹೋದವ ಒಳಗೆ ಹೊಕ್ಕೆ.
ಹಂಡೆಯಲ್ಲಿ ಮಾಂಸ ಬೆಂದಿತ್ತು, ನೀರು ಇನ್ನೂ ಬೋಳು.
ಹಲಗೆಯ ಮೇಲೆ ಆರು ಕಿಲೋ ಈರುಳ್ಳಿ
ಹೆಚ್ಚಿಸಿಕೊಂಡು ಕಾದಿತ್ತು.
ಒಂದು ತುಂಡು ಎತ್ತಿ, ಊದಿ, ಎಳೆ ಬಿಡಿಸಿ,
ನೀಲಿ ಬಟ್ಟಲಲ್ಲಿಟ್ಟಳು. ಆಮೇಲಷ್ಟೇ ಹಲಗೆ ಓರೆಯಾಯಿತು.
ಮೊದಲ ಪಂಕ್ತಿ ಈ ಸಾಹೇಬರಿಗೆ,
ಕ್ರೇನಿನ ಅವ್ತಾಂದಿಲ್ ಗೊಣಗಿದ.

ಬೋತ್ಸ್‌ಮನ್ ಮೂಸಿತು.
ಬಟ್ಟಲನ್ನು ಬಳಸಿಕೊಂಡು ಒಲೆಯ ಎದುರು ಹೋಗಿ ಕೂತು
ಹಂಡೆಯನ್ನೇ ನೋಡಿತು,
ತನ್ನ ಪಾಲು ಅಲ್ಲಿದೆ ಎಂಬ ಹಾಗೆ.
ಹಾಗೆ ನೋಡಬೇಡ, ಎಂದಳು ಗುಲಿಕೋ. ಮುಚ್ಚಳ ಹಾಕಿದಳು.
ಆ ಕಣ್ಣಿಗೆ ಬೆನ್ನು ತಿರುಗಿಸಿ,
ಕೈಯಲ್ಲಿ ನನ್ನ ತಟ್ಟೆ ಹಿಡಿದವಳು ಹಿಡಿದೇ ನಿಂತಳು,
ಅದು ಬಟ್ಟಲಿಗೆ ಮರಳುವ ತನಕ.
ನನ್ನ ಸಾರು ತಣ್ಣಗಾಯಿತು.