ಟಿಕೆಟ್ಟಿನ ಬೆನ್ನಿಗೆ ಬರೆದದ್ದು

ಮೂವತ್ತೊಂದು ವರ್ಷ ಮಂಡ್ಯ–ಮೈಸೂರು ರೂಟಿನಲ್ಲಿ
ಚಿಲ್ಲರೆ ಇಲ್ಲದಾಗೆಲ್ಲ ನಾನು ಮಾಡಿದ್ದು ಒಂದೇ:
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು
ಕೆಳಗೊಂದು ಗೀಟೆಳೆದು
ಇಳಿಯೋವಾಗ ಇಸ್ಕೊಳಿ, ಅಂದದ್ದು.

ಇಸ್ಕೊಂಡವರು ಇಸ್ಕೊಂಡರು.
ಮರೆತವರು ಎಲಿಯೂರಲ್ಲೋ ಗಣಂಗೂರಲ್ಲೋ ಇಳಿದು
ಕಬ್ಬಿನ ಗದ್ದೆಯ ಬದು ಹಿಡಿದು ಹೋಗೇಬಿಟ್ಟರು.
ಒಬ್ಬಾಕೆ, ಟೊಮೆಟೊ ಕುಕ್ಕೆಯವಳು,
ಹನ್ನೊಂದು ರೂಪಾಯಿ.
ನನಗೆ ನೆನಪಾದದ್ದು ಬಾಬುರಾಯನಕೊಪ್ಪಲು ದಾಟಿದ ಮೇಲೆ.
ವಿಶಲ್ ಹಾಕಿ ಬಸ್ಸು ನಿಲ್ಲಿಸಬಹುದಿತ್ತು.
ನಿಲ್ಲಿಸಿ? ಹಿಂದಕ್ಕೆ ಓಡಲೇ?
ರಾತ್ರಿ ಡಿಪೋದಲ್ಲಿ ಲೆಕ್ಕ ಕೊಡುವಾಗ
ಹೆಚ್ಚಿಗೆ ಹನ್ನೊಂದು ಎಂದು ಬರೆಸಿದೆ.
ನಿಗಮದ ಹೊಟ್ಟೆ ಸೇರಿತು.

ಇದೆಲ್ಲ ನೆನಪಾದದ್ದು ಹಡಗಿನ ಮೇಲೆ.
ನಗಬೇಡಿ. ಸುಭಾಷನಗರದ ನಾವಿಬ್ಬರು,
ಕನ್ನಂಬಾಡಿ ಕಟ್ಟೆಯ ನೀರನ್ನೇ ಸಮುದ್ರ ಅಂದುಕೊಂಡವರು,
ವನಜಾಕ್ಷಿಯ ಚೀಟಿ ಎದ್ದ ದುಡ್ಡಿನಲ್ಲಿ
ಕೊಚ್ಚಿಯಿಂದ ಹತ್ತಿ ಮೂರು ರಾತ್ರಿ ತೇಲಿ ಬಂದೆವು.
ಎಷ್ಟು ತಿಂದರೂ ಬಿಲ್ಲಿಲ್ಲ, ಮುದ್ದೆಯೂ ಇಲ್ಲ.
ಕೊನೆಯ ಸಂಜೆ ಐದನೇ ಮಹಡಿಯಲ್ಲಿ
ಒಂದು ಮೇಜು, ಒಂದು ಹೂದಾನಿ, ಕಾಸರಗೋಡಿನ ಹುಡುಗಿ,
ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು: ರಮ್ಲತ್.

ಅಂಕಲ್, ಮುಂದಿನ ಪ್ರಯಾಣ ಇಲ್ಲೇ ಬುಕ್ ಮಾಡಿದರೆ
ನೂರಕ್ಕೆ ಹತ್ತು ಬಿಡುತ್ತೇವೆ.
ಮೇಲಿಂದ ನಾಲ್ಕು ಸಾವಿರ ಕ್ರೆಡಿಟ್ಟು.
ಹಡಗಿನಲ್ಲೇ ಖರ್ಚು ಮಾಡಬೇಕು, ನಗದು ಕೊಡುವುದಿಲ್ಲ.
ಇಳಿದ ಮೇಲೆ ಕೇಳಿದರೆ ಈ ರೇಟಿಲ್ಲ.

ನಾಳೆಯ ಟಿಕೆಟ್ಟನ್ನು ಇವತ್ತು ಹರಿದವನಲ್ಲ ನಾನು.
ಹತ್ತಿದವರು ಇನ್ನೂ ಇಳಿದಿಲ್ಲ,
ಆಗಲೇ ಮುಂದಿನ ಬಸ್ಸಿಗೆ ಕೈ ಅಡ್ಡ ಹಾಕುವುದೆ?
ಯಾವ ತಾರೀಕು, ಎಂದೆ.
ಯಾವುದಾದರೂ ಸರಿ ಅಂಕಲ್, ಎರಡು ವರ್ಷದೊಳಗೆ.

ಹೋದ ಯುಗಾದಿಗೆ ನನ್ನ ಎದೆಯೊಳಗೆ
ಎರಡು ಸ್ಪ್ರಿಂಗು ಕೂರಿಸಿದ್ದಾರೆ.
ಎರಡು ವರ್ಷ ಅಂದರೆ ಎಷ್ಟು ಸ್ಟೇಜು ಎಂದು
ನಾನು ಕಿಟಕಿಯಾಚೆ ನೋಡಿದೆ. ಮೈಲಿಗಲ್ಲೇ ಇಲ್ಲ ಅಲ್ಲಿ.

ಅಕಸ್ಮಾತ್ ಒಬ್ಬರೇ ಬಂದರೆ?
ಹುಡುಗಿಯ ಪೆನ್ನು ನಿಂತಿತು.
ಹೆಸರು ಬದಲಾಯಿಸಬಹುದು ಅಂಕಲ್. ಒಂದು ಸಲ.

ಅದೆಲ್ಲ ಏನೂ ಬೇಡ ಕಣವ್ವ, ಎಂದಳು ವನಜಾಕ್ಷಿ,
ಸೆರಗಿನ ಗಂಟು ಬಿಚ್ಚುತ್ತ.
ಇಬ್ಬರು ಅಂತ ಬರ್ಕೊ.

ಈಗ ಆ ಕಾಗದ ನನ್ನ ಹಳೇ ಚರ್ಮದ ಚೀಲದಲ್ಲಿ
ಗೋಡೆಯ ಮೊಳೆಗೆ ನೇತಾಡುತ್ತಿದೆ.
ಇಸ್ತ್ರಿಯವನಿಗೆ, ಹಾಲಿನವನಿಗೆ, ಮೀಟರು ನೋಡಲು ಬಂದವನಿಗೆ
ಹೇಳಿದ್ದಾಳೆ ಇವಳು:
ಸಮುದ್ರದಲ್ಲಿ ನಮ್ದು ನಾಲ್ಕು ಸಾವ್ರ ಬಾಕಿ ಐತೆ.
ರಾತ್ರಿ ಮಾತ್ರೆ ಬೇಡವೆಂದರೆ ಅಂಗೈ ಬಿಡಿಸಿ ಇಟ್ಟು
ಬಾಕಿ ಇಸ್ಕೊಬೇಕಲ್ಲ, ನುಂಗಿ, ಅನ್ನುತ್ತಾಳೆ.

ನಿನ್ನೆ ಸುಮ್ಮನೆ ಗಣಂಗೂರಿಗೆ ಹೋಗಿದ್ದೆ.
ಈಗಿನ ಕಂಡಕ್ಟರಿಗೆ ಮೆಷಿನ್ನು, ಫೋನು ತೋರಿಸಿದರೆ ಸಂದಾಯ,
ಟಿಕೆಟ್ಟಿನ ಬೆನ್ನೆಲ್ಲ ಖಾಲಿ.
ಸ್ಟಾಪಿನ ನೆರಳಲ್ಲಿ ಕುಕ್ಕೆ ಇಟ್ಟು ಕೂತವಳು
ಅವಳಲ್ಲ, ಅವಳ ಮಗಳ ವಯಸ್ಸಿನವಳು.
ಎರಡು ಕೇಜಿ ತೂಗಿಸಿಕೊಂಡು ಮೇಲೆ ಹನ್ನೊಂದು ಸೇರಿಸಿ ಕೊಟ್ಟೆ.
ಅವಳು ಎರಡು ಸಲ ಎಣಿಸಿ
ಹೆಚ್ಚಿಗೆ ಬಂದೈತೆ ಯಜಮಾನ್ರೇ, ಎಂದು
ಮಡಿಲೆಲ್ಲ ತಡಕಿದಳು.
ಚಿಲ್ರೆ ಇಲ್ಲ. ಮುಂದ್ಲ ಸಲ ಬಂದಾಗ ಇಸ್ಕೊಳಿ.

ಮನೆಗೆ ಬಂದು ಹೇಳಿದೆ.
ವನಜಾಕ್ಷಿ ಒಂದೊಂದೇ ಟೊಮೆಟೊ ಒತ್ತಿ ನೋಡಿ
ಅರ್ಧಕ್ಕರ್ಧ ಕಳಿತೋಗವೆ,
ಇವತ್ತೇ ಸಾರು ಮಾಡ್ಬುಡ್ಬೇಕು, ಎಂದಳು.