ಕಾಯುವ ರಾಕ್ಷಸ

ಮಾಗಡಿ ರಸ್ತೆಯ ನೆಲಮಾಳಿಗೆಯಲ್ಲಿ ನಮ್ಮ ಡಬ್ಬಿಂಗ್ ಸ್ಟುಡಿಯೋ.
ಮೇಲೆ ಮೆಟ್ರೋ ಹೋದಾಗೆಲ್ಲ ಮೈಕು ಗುಂಯ್ ಅನ್ನುತ್ತದೆ,
ಗಾಜಿನಾಚೆ ಫಯಾಜ್ ಕೈ ಎತ್ತುತ್ತಾನೆ,
ನಾವು ಬಾಯಿ ತೆರೆದಲ್ಲೇ ನಿಲ್ಲುತ್ತೇವೆ.
ಜಪಾನಿನ ಯಾವುದೋ ಕಲ್ಲುಕ್ವಾರಿಯಲ್ಲಿ
ಒದೆಯಲು ಕಾಲೆತ್ತಿದ ಕೆಂಪು ಹೆಲ್ಮೆಟ್ಟಿನವನು
ಎತ್ತಿದ ಕಾಲಲ್ಲೇ.

ನನ್ನ ಪಾಲಿಗೆ ಹೀರೋನ ತಂಗಿ, ಮಾತಾಡುವ ಒಂದು ಟಾರ್ಚು,
ವಾರಕ್ಕೊಬ್ಬರಂತೆ ಸಾಯುವ ಚಿಲ್ಲರೆ ರಾಕ್ಷಸರು.
ಕೊಡೆ ರಾಕ್ಷಸ, ಬೀಗದ ರಾಕ್ಷಸ,
ಹಲ್ಲುನೋವಿನ ರಾಕ್ಷಸ (ಅವನಿಗೆ ನಮ್ಮ ವಠಾರದ
ಪುಟ್ಟನಂಜಮ್ಮನ ಗಂಟಲು ಕೊಟ್ಟೆ, ಅವರಿಗಿನ್ನೂ ಗೊತ್ತಿಲ್ಲ).
ಇವರು ಸುಮ್ಮನೆ ಸಾಯುವವರಲ್ಲ.
ಒಮ್ಮೆ ಸತ್ತು, ಹತ್ತು ಮಹಡಿಯಷ್ಟು ಬೆಳೆದು,
ಇನ್ನೊಮ್ಮೆ ಸಾಯಬೇಕು.
ಎರಡು ಸಾವಿಗೂ ಸೇರಿ ಒಂದೇ ಪೇಮೆಂಟು.

ದೊಡ್ಡ ರಾಕ್ಷಸ ಗಂಗಹನುಮಯ್ಯನವರದು.
ಕೊರಟಗೆರೆ ಕಡೆಯ ಮೂಡಲಪಾಯದ ದನಿ.
ಭುಜಕೀರ್ತಿ ಇಲ್ಲದೆ ಮೈಕಿನ ಮುಂದೆ ನಿಂತರೆ
“ಬರೀಮೈಲಿ ನಿಂತಂಗಾಯ್ತದೆ ಕಣವ್ವ” ಅನ್ನುವರು.

ಫಯಾಜ್ ಒಂದು ದಿನ ಕೇಳಿದ:
“ಹೀರೋ ಬೆಲ್ಟು ತಿರುಗಿಸಿ, ಕೈ ಬೀಸಿ, ಹೆಸರು ಕೂಗಿ,
ಮೈಗೆಲ್ಲ ಬಣ್ಣ ಹತ್ತೋಕೆ ಇಪ್ಪತ್ತೆರಡು ಸೆಕೆಂಡು ಸಾರ್,
ನಾನೇ ಲೆಕ್ಕ ಹಾಕಿದೀನಿ.
ಅಷ್ಟು ಹೊತ್ತೂ ನಿಮ್ಮ ರಾಕ್ಷಸ ಗೂಬೆ ಥರ ನಿಂತಿರ್ತಾನಲ್ಲ, ಯಾಕೆ?”
ಗಂಗಹನುಮಯ್ಯ ಟೀ ಲೋಟ ಕೆಳಗಿಟ್ಟರು.
“ತೆರೆ ಹಿಂದೆ ಒಬ್ಬ ಕುಣೀತಾ ಅವ್ನೆ.
ಸಾರಥಿ ‘ತಾವು ಧಾರು’ ಅಂತ ಕೇಳ್ತಾ ಅವ್ನೆ.
ಅವನು ಹೆಸರು ಹೇಳೋಕ್ ಮುಂಚೆ ಹೊಡುದ್ರೆ
ನೀನು ಹೊಡುದಿದ್ದು ಯಾರ್ನ?
ಕಾಯ್ಬೇಕು. ಕಾಯ್ದೆ ಇರೋನು ರಾಕ್ಷಸ ಅಲ್ಲ ಕಣಪ್ಪ,
ಬರೀ ಕೊಲೆಗಡುಕ.”

ಇಪ್ಪತ್ತೇಳು ಕಂತು ಹೀಗೇ ನಕ್ಕೆವು.

ಇಪ್ಪತ್ತೆಂಟರಲ್ಲಿ ರಾಕ್ಷಸ ಕಾಯಲಿಲ್ಲ.
ಹುಡುಗನ ಕೈ ಬೆಲ್ಟಿನ ಮೇಲಿತ್ತು,
ಹೆಸರಿನ ಮೊದಲಕ್ಷರ ಬಾಯಲ್ಲಿತ್ತು,
ಟಾರ್ಚು ಅಡ್ಡ ಬಂತು.
ನನ್ನ ಟಾರ್ಚು. “ಚಾರ್ಜು ಮುಗೀತು, ಚಾರ್ಜು ಮುಗೀತು” ಅಂತ
ವಾರವಾರವೂ ಸುಳ್ಳು ಹೇಳಿ ನಗಿಸಿದ್ದು.
ಸಂಗೀತವಿಲ್ಲ. ಬೆನ್ನ ಹಿಂದೆ ಬೆಂಕಿ ಸಿಡಿಯಲಿಲ್ಲ.
ಕ್ವಾರಿಯ ಗಾಳಿ, ಅಷ್ಟೆ,
ಮತ್ತೆ ಬಣ್ಣ ಹತ್ತದೇ ಉಳಿದ ಮುಖ, ಹತ್ತಿರದಿಂದ,
ಗಲ್ಲದ ಮೇಲೊಂದು ಮೊಡವೆ.
ನನ್ನ ಹಾಳೆಯಲ್ಲಿ ಬರೆದಿತ್ತು: ಬೆಳಕು ಹೋಗುವ ಸದ್ದು.
ಬೆಳಕು ಹೋದರೆ ಸದ್ದೆಲ್ಲಿ?
ಕರೆಂಟು ಹೋದಾಗ ನಮ್ಮ ಹಳೇ ಫ್ರಿಜ್ಜು
ಒಮ್ಮೆ ನಡುಗಿ ಸುಮ್ಮನಾಗುತ್ತದಲ್ಲ, ಅದನ್ನು ಕೊಟ್ಟೆ.
ಆರನೇ ಟೇಕಿಗೆ ಓಕೆ.

ಆ ಕಂತಿನ ದೊಡ್ಡ ರಾಕ್ಷಸನಿಗೆ ಹೊಸ ಗಂಟಲು.
“ಮುಖವಾಡ ಬದಲಾಗಿದೆ ಮೇಡಂ,
ದನಿಯೂ ಬದಲಾಯ್ತು ಅಂದ್ಕೋತಾರೆ ಮಕ್ಕಳು” ಅಂದರು ಪ್ರೊಡ್ಯೂಸರ್.
ಭಾನುವಾರ ಕಿದ್ವಾಯಿಗೆ ಹೋದೆ.
ಗಂಗಹನುಮಯ್ಯನವರ ಕತ್ತಿನಲ್ಲಿ ನಳಿಗೆ,
ಮಡಿಲಲ್ಲಿ ಮೊಮ್ಮಗನ ಸ್ಲೇಟು.
ಫೋನಿನಲ್ಲಿ ಕದ್ದು ತಂದಿದ್ದ ಕಂತು ತೋರಿಸಿದೆ.
ಟಾರ್ಚು ಆರಿದಾಗ ನನ್ನ ಮುಂಗೈ ತಟ್ಟಿದರು.
ಬರೆದರು: ಕಾಯ್ಬೇಕಿತ್ತು.
ತೋಳಿನಿಂದ ಒರೆಸಿ, ಮತ್ತೆ ಬರೆದರು:
ಹೊಸಬ ಉಸ್ರು ಮೂಗಲ್ಲಿ ಎಳೀತಾನೆ. ಹೇಳು ಅವನಿಗೆ.

ಸೋಮವಾರಕ್ಕೆ ಉಳಿದದ್ದು ಕಂತಿನ ಕೊನೆಯ ಹದಿನೈದು ಸೆಕೆಂಡು.
ಆರಿದ ಟಾರ್ಚಿನ ಮೇಲೆ ಚಿತ್ರ ನಿಲ್ಲುತ್ತದೆ,
ಮರುಕ್ಷಣವೇ ತುತ್ತೂರಿ,
ಶಾಲೆಯ ಮೈದಾನ, ಗೋಣಿಚೀಲದ ಓಟ,
ಮೂರು ಕಾಲಿನ ಹೊಸ ರಾಕ್ಷಸ ಎಡವಿ ಬೀಳುತ್ತಾನೆ.
ತುಣುಕಿನ ದನಿಯೂ ನನ್ನದೇ, ನಗುತ್ತ ಹೇಳಬೇಕು.
ಬಾಯಿ ತೆರೆದೆ. ಫ್ರಿಜ್ಜಿನ ಸದ್ದೇ ಬಂತು.

ಗಾಜಿನಾಚೆ ಫಯಾಜ್ ಕೈ ಎತ್ತಿದ.
ನಿಂತೆ. ಮೈಕು ಗುಂಯ್ ಅನ್ನಲಿಲ್ಲ.
ಗೋಡೆ ನಡುಗಲಿಲ್ಲ.
ಯಾವ ಮೆಟ್ರೋನೂ ಬರಲಿಲ್ಲ.
ಅವನು ನನ್ನ ಕಡೆ ನೋಡದೆ
ಕೈ ಎತ್ತಿಕೊಂಡೇ ಕೂತಿದ್ದ,
ಹತ್ತು, ಹನ್ನೊಂದು, ಇಪ್ಪತ್ತು,
ನಾನು ಮೂಗೊರೆಸಿಕೊಂಡು,
ನೀರು ಕುಡಿದು, ಹೆಡ್‌ಫೋನು ಸರಿಮಾಡಿಕೊಂಡು,
“ಮುಂದಿನ ವಾರ!” ಅನ್ನುವ ತನಕ.