ಬಿಲ್ಲಿನ ಬಿಲ್ಲು

ಯಮಕನಮರಡಿ, ಸಂತೆ ಕರಗಿದ ಹೊತ್ತು.
ಲಗಮಪ್ಪನ ಗೋಡೆಗೆ ಒರಗಿದ ಐದು ಬಿಲ್ಲು.
ಸಾಲಿಗೆ ಮೂರು ಬೇಕು. ನಾನು ಆಟದ ಮಾಸ್ತರ,
ಮಂಜೂರಾದದ್ದು ಎರಡು ಸಾವಿರದ ನೂರು.

"ಹೆಂಗ ಕೊಡ್ತಿ?"
ಮಾತಾಡಲಿಲ್ಲ. ಒಂದಕ್ಕೆ ಹೆದೆಯೇರಿಸಿ
ನನ್ನ ಕಿವಿಯ ಬಳಿ ಮಿಡಿದ:
ಹಾಳುಬಾವಿಗೆ ಕಲ್ಲು ಬಿದ್ದ ದನಿ.
"ಖಾನಾಪುರದ ಬಿದಿರು. ಅಮಾಸಿ ಕತ್ತಲಾಗ ಕಡದದ್ದು,
ಹುಳ ಹತ್ತೂದಿಲ್ಲ.
ಒಲಿ ಮ್ಯಾಲೆ ಹೊಗಿ ಕುಡದು ಎರಡು ಮಳಿಗಾಲ."

ಒಂದು ಕಣ್ಣು ಮುಚ್ಚಿ ಬೆನ್ನಿನ ಗೆರೆ ನೋಡಿದೆ.
ಹಿಡಿಯ ಹತ್ತಿರ ಒಂದು ಗಿಣ್ಣು, ತುಸು ಎಡಕ್ಕೆ.
"ಸೊಟ್ಟ ಐತಲ್ಲೋ, ಐದನೂರು ಮಾಡು."
"ನೆಟ್ಟಗಿದ್ರ ಅದಕ್ಕ ಕೋಲು ಅಂತಾರ್ರಿ, ಮಾಸ್ತರ."

ಒಲೆಯ ಬದಿಗೆ, ಕಟ್ಟಿಗೆಯ ಜೊತೆ,
ಬಗ್ಗಿಸುವಾಗ ಸೀಳಿದ ಏಳೆಂಟು.
ಅವುಗಳ ಬೆಲೆ ಈ ಐದರ ಮೇಲೆ ಹಾಕಿದ್ದನೋ ಇಲ್ಲವೋ,
ಕೇಳಲಿಲ್ಲ.

ಎಂಟುನೂರಕ್ಕೆ ನಿಂತಿತು.
ಕಡಿಮೆ ಬಿದ್ದ ಮುನ್ನೂರು ನನ್ನ ಕಿಸೆಯದು,
ಮನೆಯಲ್ಲಿ ಹೇಳುವಂತಿಲ್ಲ.

"ಹೆಡ್‌ಮಾಸ್ತರಿಗೆ ಬಿಲ್ಲು ಬೇಕು, ಲಗಮಪ್ಪ."
"ಕೊಟ್ಟೇನಲ್ಲರಿ, ಮೂರು."

ಬೀಡಿಕಟ್ಟಿನ ಕಾಗದದ ಹಿಂದೆ ನಾನೇ ಬರೆದೆ:
ಎರಡು ಸಾವಿರದ ನೂರು ಮಾತ್ರ.
ಮಸಿಗೆ ಅದ್ದಿ ಹೆಬ್ಬೆಟ್ಟು ಒತ್ತಿದ.
ಹೆದೆ ಎಳೆದೆಳೆದು ಗೆರೆಯೆಲ್ಲ ಸವೆದಿತ್ತು,
ಬರೀ ಒಂದು ಕಪ್ಪು ಚುಕ್ಕೆ ಬಿತ್ತು,
ಯಾರದ್ದಾದರೂ ಆಗಬಹುದಾದದ್ದು.